ಆಟ ಬಾರದವರಿಗಾಗಿ ಶುರುವಾದ ಆಟದ ಪೀರಿಯಡ್

ನಮ್ಮಲ್ಲಿ ಹೆಚ್ಚಿನವರು ಪದವಿ ಓದಿದ್ದು ತಾಲ್ಲೂಕು ಕೇಂದ್ರದ ಕಾಲೇಜುಗಳಲ್ಲಿ. ಅಲ್ಲಿ ಕ್ರೀಡಾ ವಿಭಾಗ ಎಂದರೆ ಒಂದು ಕೋಣೆ, ಒಂದು ಬೀಗ, ಗೋಡೆಗೆ ಒರಗಿಸಿಟ್ಟ ನಾಲ್ಕು ಜಾವೆಲಿನ್, ಗಾಜಿನ ಬೀರುವಿನಲ್ಲಿ ಧೂಳು ಹಿಡಿದ ಕಪ್ಪುಗಳು. ಅಂತರ ಕಾಲೇಜು ಕ್ರೀಡಾಕೂಟ ಹತ್ತಿರ ಬಂದಾಗ ಬೀಗ ತೆಗೆಯುತ್ತಿದ್ದರು. ಕಬಡ್ಡಿ, ಖೋಖೋ, ವಾಲಿಬಾಲ್ ತಂಡಗಳಿಗೆ ಆಯ್ಕೆಯಾದ ಮೂವತ್ತು ನಲವತ್ತು ಮಂದಿಗೆ ಆ ಕೋಣೆಯ ಪರಿಚಯವಿತ್ತು. ಉಳಿದ ನೂರಾರು ಮಂದಿಗೆ ಕ್ರೀಡೆ ಎಂಬುದು ಪ್ರವೇಶ ಶುಲ್ಕದ ರಸೀದಿಯಲ್ಲಿ ಒಂದು ಸಾಲು, ಅಷ್ಟೇ.

ಕಾಲೇಜುಗಳಲ್ಲಿ ದೈಹಿಕ ಶಿಕ್ಷಣ ಎಂಬ ವಿಭಾಗ ಹೇಗೆ ಹುಟ್ಟಿತು ಎಂದು ಹುಡುಕುತ್ತಾ ಹೋದರೆ ಕಾಣುವ ಸಂಗತಿ ಇದಕ್ಕೆ ತಿರುವುಮುರುವು. ಅದು ಶುರುವಾದದ್ದು ಆ ಉಳಿದ ನೂರಾರು ಮಂದಿಗಾಗಿ. ಕಪ್ಪು ಗೆಲ್ಲುವವರಿಗಾಗಿ ಅಲ್ಲ, ಓದಿ ಓದಿ ಕುಸಿದು ಬೀಳುತ್ತಿದ್ದವರಿಗಾಗಿ.

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಪಶ್ಚಿಮ ಭಾಗದಲ್ಲಿ ಕನೆಕ್ಟಿಕಟ್ ನದಿಯ ಕಣಿವೆಯಿದೆ. ಅಲ್ಲಿನ ಆಮರ್ಸ್ಟ್ ಎಂಬ ಊರಿನಲ್ಲಿ 1821ರಲ್ಲಿ ಒಂದು ಕಾಲೇಜು ಆರಂಭವಾಯಿತು. ಬಡ ಮನೆಗಳ, ದೈವಭಕ್ತಿಯುಳ್ಳ ಹುಡುಗರನ್ನು ಓದಿಸಿ ಪಾದ್ರಿಗಳನ್ನಾಗಿ ಮಾಡುವುದು ಅದರ ಮೂಲ ಉದ್ದೇಶ. ಮನೆಯಲ್ಲಿ ದುಡಿದು ಬೆಳೆದ ಹುಡುಗರು ಇಲ್ಲಿ ಬಂದು ಬೆಳಗಿನಿಂದ ರಾತ್ರಿಯವರೆಗೆ ಲ್ಯಾಟಿನ್, ಗ್ರೀಕ್ ಮುಂದೆ ಕೂರಬೇಕಿತ್ತು. ಮನೆಯವರ ನಿರೀಕ್ಷೆ ಬೆನ್ನ ಮೇಲೆ, ಖರ್ಚಿಗೆ ಕಾಸಿಲ್ಲ, ಚಳಿಗಾಲದಲ್ಲಿ ತಿಂಗಳುಗಟ್ಟಲೆ ಹಿಮ. ಮೊದಲ ತಲೆಮಾರಿನ ವಿದ್ಯಾರ್ಥಿಗಳ ಈ ಪಾಡು ನಮಗೆ ಅಪರಿಚಿತವೇನಲ್ಲ.

ಆ ಕಾಲದಲ್ಲಿ ವಿದ್ಯಾರ್ಥಿಗಳ ಕಾಯಿಲೆಗೆ ಒಂದು ಹೆಸರಿತ್ತು: ಡಿಸ್ಪೆಪ್ಸಿಯಾ. ನಿಘಂಟಿನ ಪ್ರಕಾರ ಅಜೀರ್ಣ. ಆದರೆ ಅಂದಿನವರು ಅದರೊಳಗೆ ಹೊಟ್ಟೆಯ ತೊಂದರೆಯ ಜೊತೆಗೆ ನಿದ್ದೆಗೇಡು, ಮಂಕು, ಯಾವುದರಲ್ಲೂ ಮನಸ್ಸು ನಿಲ್ಲದಿರುವುದು, ಕಾರಣವಿಲ್ಲದ ಹೆದರಿಕೆ ಎಲ್ಲವನ್ನೂ ತುಂಬಿದ್ದರು. ನಮ್ಮ ಅಜ್ಜಿಯರು ‘ಹೊಟ್ಟೆಯೊಳಗೆ ಏನೋ ಸಂಕಟ’ ಎನ್ನುವಾಗ ಅದು ಬರೀ ಹೊಟ್ಟೆಯ ಮಾತಾಗಿರುವುದಿಲ್ಲವಲ್ಲ, ಹಾಗೆ. ಆಮರ್ಸ್ಟ್‌ನ ಅಧ್ಯಾಪಕ, ಭೂವಿಜ್ಞಾನಿ ಎಡ್ವರ್ಡ್ ಹಿಚ್‌ಕಾಕ್ ಇದರ ಬಗ್ಗೆಯೇ ವಿದ್ಯಾರ್ಥಿಗಳಿಗೆ ಸಾಲು ಉಪನ್ಯಾಸ ಕೊಟ್ಟು 1830ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಮಿತವಾಗಿ ತಿನ್ನಿ, ನಡೆಯಿರಿ, ಹೊರಗೆ ಬನ್ನಿ ಎಂಬುದು ಅದರ ಸಾರ. ಉಪದೇಶದಿಂದ ಹೆಚ್ಚೇನೂ ಆಗಲಿಲ್ಲ. ಉಪದೇಶದಿಂದ ಯಾರೂ ಬೆಳಗ್ಗೆ ಐದಕ್ಕೆ ಎದ್ದದ್ದನ್ನು ನಾವೂ ನೋಡಿಲ್ಲ.

ಅದೇ 1830ರ ದಶಕದಲ್ಲಿ ಇನ್ನೊಂದು ಪ್ರಯೋಗ ನಡೆಯಿತು. ವಿದ್ಯಾರ್ಥಿಗಳು ದಿನಕ್ಕೆ ಕೆಲವು ಗಂಟೆ ಹೊಲದಲ್ಲೋ ಬಡಗಿ ಕೆಲಸದ ಕೊಟ್ಟಿಗೆಯಲ್ಲೋ ದುಡಿದರೆ ಮೈಯೂ ಗಟ್ಟಿಯಾಗುತ್ತದೆ, ಶುಲ್ಕವೂ ಹುಟ್ಟುತ್ತದೆ ಎಂಬ ಲೆಕ್ಕ. ನ್ಯೂಯಾರ್ಕ್ ರಾಜ್ಯದ ಒನೈಡಾ, ಓಹಾಯೋದ ಓಬರ್ಲಿನ್ ಮುಂತಾದ ಕಡೆ ಇದು ಜೋರಾಗಿ ಶುರುವಾಗಿ, ಕೆಲವೇ ವರ್ಷಗಳಲ್ಲಿ ಬಹುತೇಕ ಸೊರಗಿತು. ಆದಾಯ ಬರಲಿಲ್ಲ, ಹುಡುಗರಿಗೆ ಹುರುಪೂ ಬರಲಿಲ್ಲ. ಈ ಸೋಲಿನ ಮಾತನ್ನು ಮುಂದೆ ಮತ್ತೆ ಎತ್ತಬೇಕಾಗುತ್ತದೆ. ‘ಹೊಲದಲ್ಲಿ ದುಡಿಯೋ ಹುಡುಗನಿಗೆ ಎಕ್ಸರ್ಸೈಜ್ ಯಾಕೆ ಬೇಕ್ರೀ?’ ಎಂಬ ಪ್ರಶ್ನೆ ನಮ್ಮ ಊರುಗಳಲ್ಲಿ ಇವತ್ತಿಗೂ ಕೇಳಿಬರುವುದರಿಂದ.

1854ರಲ್ಲಿ ವಿಲಿಯಂ ಸ್ಟರ್ನ್ಸ್ ಎಂಬ ಪಾದ್ರಿ ಆಮರ್ಸ್ಟ್‌ನ ಅಧ್ಯಕ್ಷರಾಗಿ ಬಂದರು. ವಿದ್ಯಾರ್ಥಿಗಳ ಆರೋಗ್ಯ ಮುರಿದು ಬೀಳುತ್ತಿದೆ, ಅದರಲ್ಲೂ ವಸಂತಕಾಲದಲ್ಲಿ ಇದು ತೀರಾ ಸಾಮಾನ್ಯ, ಹಲವರು ಕಾಲೇಜು ಬಿಟ್ಟು ಹೋಗುತ್ತಿದ್ದಾರೆ, ಉಳಿದವರಲ್ಲೂ ಎಷ್ಟೋ ಮಂದಿ ಶಕ್ತಿಗುಂದುತ್ತಿದ್ದಾರೆ, ಇದೆಲ್ಲ ತಡೆಯಬಹುದಾದದ್ದು ಎಂದು ಅವರು ಆಡಳಿತ ಮಂಡಳಿಗೆ ಬರೆದರು. ವಸಂತ ಎಂದರೆ ಗಿಡಮರ ಚಿಗುರುವ ಹೊತ್ತು. ಇಡೀ ಚಳಿಗಾಲ ದೀಪದ ಮುಂದೆ ಕೂತ ಹುಡುಗರು ಸರಿಯಾಗಿ ಅದೇ ಹೊತ್ತಿಗೆ ಕುಸಿಯುತ್ತಿದ್ದರು.

ಸ್ಟರ್ನ್ಸ್ ಬರೆದದ್ದು ಕಡತದಲ್ಲೇ ಉಳಿಯಲಿಲ್ಲ. ಬ್ಯಾರೆಟ್ ಎಂಬ ವೈದ್ಯರ ಹೆಸರಿನಲ್ಲಿ ಕಲ್ಲಿನ ವ್ಯಾಯಾಮಶಾಲೆ ಎದ್ದಿತು. ಅದಕ್ಕೆ ಮೊದಲು ನೇಮಕವಾದ ಅಧ್ಯಾಪಕರು, ವಿಚಿತ್ರವೆಂದರೆ, ತಮ್ಮದೇ ಆರೋಗ್ಯ ಕೆಟ್ಟು ಕೆಲಸ ಬಿಟ್ಟರು. 1861ರಲ್ಲಿ ಆ ಜಾಗಕ್ಕೆ ಬಂದವರು ಇನ್ನೊಬ್ಬ ಎಡ್ವರ್ಡ್ ಹಿಚ್‌ಕಾಕ್, ಅಜೀರ್ಣದ ಪುಸ್ತಕ ಬರೆದವರ ಮಗ. ಆಮರ್ಸ್ಟ್‌ನಲ್ಲೇ ಓದಿ, ಹಾರ್ವರ್ಡ್‌ನಲ್ಲಿ ವೈದ್ಯ ಪದವಿ ಪಡೆದವರು. ಅವರ ಹುದ್ದೆಯ ಹೆಸರು ಆರೋಗ್ಯಶಾಸ್ತ್ರ ಮತ್ತು ದೈಹಿಕ ಶಿಕ್ಷಣದ ಪ್ರಾಧ್ಯಾಪಕ. ಗಣಿತದ ಪ್ರಾಧ್ಯಾಪಕರ ಸಮಕ್ಕೆ ಕೂರುವ, ಪೂರ್ಣ ಮರ್ಯಾದೆಯ ಹುದ್ದೆ. ಅಮೆರಿಕದ ಕಾಲೇಜುಗಳಲ್ಲಿ ಇಂಥದು ಅದೇ ಮೊದಲು. 1911ರಲ್ಲಿ ತೀರಿಕೊಳ್ಳುವವರೆಗೆ, ಐವತ್ತು ವರ್ಷ, ಅವರು ಅದೇ ಕಾಲೇಜಿನಲ್ಲಿದ್ದರು.

ಹಿಚ್‌ಕಾಕ್ ಮಾಡಿಸುತ್ತಿದ್ದುದಾದರೂ ಏನು? ಆಗ ಜಿಮ್ನಾಸ್ಟಿಕ್ಸ್ ಎಂದರೆ ಜರ್ಮನ್ ಮಾದರಿಯ ಕಂಬ, ಬಾರು, ಭಾರದ ಗುಂಡುಗಳು, ಬಲಶಾಲಿಗಳ ಕೆಲಸ. ಅವರು ಅದನ್ನು ಬಿಟ್ಟು ಹಗುರವಾದ ಮರದ ಡಂಬೆಲ್‌ಗಳನ್ನು ಆರಿಸಿಕೊಂಡರು. ವಾರಕ್ಕೆ ನಾಲ್ಕು ದಿನ, ಅರ್ಧ ಗಂಟೆ. ಒಂದು ತರಗತಿಯವರೆಲ್ಲ ಒಟ್ಟಿಗೆ ಬರಬೇಕು. ಪಿಯಾನೋ ನುಡಿಸುತ್ತಿದ್ದಂತೆ ಅದರ ತಾಳಕ್ಕೆ ಎಲ್ಲರೂ ಕೈಕಾಲು ಆಡಿಸುವುದು. ಆಮೇಲೆ ಬಿಡುವು: ಓಡುವವರು ಓಡಬಹುದು, ಲಾಗ ಹಾಕುವವರು ಹಾಕಬಹುದು, ಹಾಡಿಕೊಂಡು ಕುಣಿಯುವವರು ಕುಣಿಯಬಹುದು. ಹಾಜರಿ ಕಡ್ಡಾಯ. ಬಹುಮಾನವೂ ಇತ್ತು, ಅದು ಒಬ್ಬನಿಗಲ್ಲ, ಚೆನ್ನಾಗಿ ಮಾಡಿದ ಇಡೀ ತರಗತಿಗೆ. ಅಂದರೆ ತರಗತಿಯ ಅತ್ಯಂತ ಸೋಮಾರಿ, ಅತ್ಯಂತ ಬಡಕಲು ಹುಡುಗನನ್ನೂ ಬಿಟ್ಟು ಗೆಲ್ಲುವಂತಿರಲಿಲ್ಲ. ಈ ಇಡೀ ಏರ್ಪಾಟಿನಲ್ಲಿ ನಮಗೆ ಬಹಳ ಹಿಡಿಸಿದ್ದು ಇದು.

ಅವರಿಗೊಂದು ಹುಚ್ಚೂ ಇತ್ತು, ಅಳೆಯುವ ಹುಚ್ಚು. ಎತ್ತರ, ತೂಕ, ಎದೆಯ ಸುತ್ತಳತೆ, ತೋಳು, ಶ್ವಾಸಕೋಶದ ಗಾಳಿ. ದಶಕಗಳ ಕಾಲ ಪ್ರತಿ ವಿದ್ಯಾರ್ಥಿಯನ್ನೂ ಅಳೆದು ಬರೆದಿಟ್ಟರು. ಆ ಅಂಕಿಗಳಿಂದ ‘ಆದರ್ಶ’ ಮೈಕಟ್ಟು ಹುಡುಕುವ ಗೀಳು ಆ ಕಾಲದ ಎಲ್ಲರಂತೆ ಅವರಿಗೂ ಅಂಟಿತ್ತು. ಅದನ್ನು ಇವತ್ತು ಮೆಚ್ಚಬೇಕಾಗಿಲ್ಲ. ಆದರೆ ಕಾಲೇಜು ತನ್ನ ವಿದ್ಯಾರ್ಥಿಯ ಅಂಕಪಟ್ಟಿಯ ಜೊತೆಗೆ ಅವನ ಆರೋಗ್ಯದ ದಾಖಲೆಯನ್ನೂ ಇಡಬೇಕು ಎಂಬ ಅಭ್ಯಾಸ ಅಲ್ಲಿಂದ ಬೇರೆ ಕಡೆಗೂ ಹಬ್ಬಿತು. ಅದರ ಫಲ ಕಂಡದ್ದು ಶತಮಾನದ ನಂತರ.

ಇದೇ ಕಾಲೇಜಿಗೆ ಇನ್ನೊಂದು ಕೀರ್ತಿಯೂ ಇದೆ. 1859ರ ಜುಲೈ 1ರಂದು ಆಮರ್ಸ್ಟ್ ಮತ್ತು ವಿಲಿಯಮ್ಸ್ ಕಾಲೇಜುಗಳ ನಡುವೆ ಬೇಸ್‌ಬಾಲ್ ಪಂದ್ಯ ನಡೆಯಿತು. ತಂಡಕ್ಕೆ 13 ಮಂದಿ. ಆಮರ್ಸ್ಟ್ 73–32ರಿಂದ ಗೆದ್ದಿತು. ಅಮೆರಿಕದ ಮೊದಲ ಅಂತರ ಕಾಲೇಜು ಬೇಸ್‌ಬಾಲ್ ಪಂದ್ಯ ಎಂದು ಅದು ದಾಖಲಾಗಿದೆ. ಎರಡೇ ವರ್ಷದ ಅಂತರದಲ್ಲಿ ಒಂದೇ ಅಂಗಳದಿಂದ ಎರಡು ದಾರಿಗಳು ಹೊರಟವು. ಒಂದು ಎಲ್ಲರೂ ಆಡುವ ದಾರಿ, ಇನ್ನೊಂದು ಹದಿಮೂರು ಮಂದಿ ಆಡಿ ಉಳಿದವರು ಕೂಗುವ ದಾರಿ. ಹೆದ್ದಾರಿಯಾದದ್ದು ಯಾವುದು ಎಂದು ಹೇಳಬೇಕಿಲ್ಲ.

ಆಮರ್ಸ್ಟ್‌ನಲ್ಲಿ ಇದ್ದವರು ಗಂಡುಹುಡುಗರು ಮಾತ್ರ. ಹೆಣ್ಣುಮಕ್ಕಳ ಕಥೆ ಬೇರೆಯೇ. 1873ರಲ್ಲಿ ಬಾಸ್ಟನ್ನಿನ ವೈದ್ಯ ಎಡ್ವರ್ಡ್ ಕ್ಲಾರ್ಕ್ ಒಂದು ಪುಸ್ತಕ ಬರೆದು, ಹುಡುಗಿಯರು ಹುಡುಗರ ಹಾಗೆ ಓದಿದರೆ ಅವರ ನರಗಳೂ ಗರ್ಭಕೋಶವೂ ಹಾಳಾಗುತ್ತವೆ ಎಂದು ವಾದಿಸಿದರು. ಪುಸ್ತಕ ಬಿಸಿಬಿಸಿಯಾಗಿ ಖರ್ಚಾಯಿತು. ಪದವಿ ಪಡೆದ ಮಹಿಳೆಯರ ಸಂಘವೊಂದು ಇದಕ್ಕೆ ಉತ್ತರವಾಗಿ ತಾನೇ ಸಮೀಕ್ಷೆ ಮಾಡಿತು. 705 ಮಹಿಳಾ ಪದವೀಧರರ ಉತ್ತರಗಳು 1885ರಲ್ಲಿ ಪ್ರಕಟವಾದವು. ಕಾಲೇಜು ಓದಿನಿಂದ ಅವರ ಆರೋಗ್ಯ ಹಾಳಾಗಿರಲಿಲ್ಲ. ಹೀಗಿದ್ದೂ ಮಹಿಳಾ ಕಾಲೇಜುಗಳು ಎಚ್ಚರ ತಪ್ಪಲಿಲ್ಲ, ವ್ಯಾಯಾಮವನ್ನು ಪಾಠದ ಭಾಗವಾಗಿಯೇ ಇಟ್ಟುಕೊಂಡವು. ಓದುವ ಹಕ್ಕು ಉಳಿಯಬೇಕಾದರೆ ಮೈ ಗಟ್ಟಿ ಇದೆ ಎಂದು ತೋರಿಸಲೇಬೇಕಿತ್ತು.

ಆಮರ್ಸ್ಟ್‌ನಿಂದ ಹತ್ತು ಹನ್ನೆರಡು ಕಿಲೋಮೀಟರ್ ದೂರದ ನಾರ್ಥಾಂಪ್ಟನ್ನಿನಲ್ಲಿ ಸ್ಮಿತ್ ಮಹಿಳಾ ಕಾಲೇಜಿದೆ. ಅಲ್ಲಿಗೆ 1892ರಲ್ಲಿ ಸೆಂಡಾ ಬೆರೆನ್ಸನ್ ದೈಹಿಕ ಶಿಕ್ಷಣ ಅಧ್ಯಾಪಕಿಯಾಗಿ ಬಂದರು. ಲಿಥುವೇನಿಯಾದಿಂದ ವಲಸೆ ಬಂದ ಯಹೂದಿ ಕುಟುಂಬದವರು. ಚಿಕ್ಕಂದಿನಿಂದ ನಿತ್ರಾಣದ ಮೈ. ತಮ್ಮ ಆರೋಗ್ಯ ಸುಧಾರಿಸಲೆಂದೇ ಬಾಸ್ಟನ್ನಿನ ವ್ಯಾಯಾಮ ಶಿಕ್ಷಕರ ಶಾಲೆ ಸೇರಿ, ಚೇತರಿಸಿಕೊಂಡು, ಅದನ್ನೇ ವೃತ್ತಿ ಮಾಡಿಕೊಂಡವರು. ಅದರ ಹಿಂದಿನ ವರ್ಷವಷ್ಟೇ, 1891ರ ಡಿಸೆಂಬರಿನಲ್ಲಿ, ಹತ್ತಿರದ ಸ್ಪ್ರಿಂಗ್‌ಫೀಲ್ಡಿನ ವೈಎಂಸಿಎ ತರಬೇತಿ ಶಾಲೆಯಲ್ಲಿ ಜೇಮ್ಸ್ ನೈಸ್ಮಿತ್ ಚಳಿಗಾಲದ ಕವಾಯತಿನಿಂದ ಬೇಸತ್ತ ಹದಿನೆಂಟು ವಿದ್ಯಾರ್ಥಿಗಳಿಗಾಗಿ ಹಣ್ಣಿನ ಬುಟ್ಟಿ ಕಟ್ಟಿ ಬಾಸ್ಕೆಟ್‌ಬಾಲ್ ಕಂಡುಹಿಡಿದಿದ್ದರು. ಬೆರೆನ್ಸನ್ ಅದನ್ನು ತಮ್ಮ ಹುಡುಗಿಯರಿಗೆ ಕಲಿಸಿದರು. ಚೆಂಡು ಕಿತ್ತುಕೊಳ್ಳುವಂತಿಲ್ಲ, ಅಂಕಣವನ್ನು ಮೂರು ಭಾಗ ಮಾಡಿ ಅವರವರ ಭಾಗದಲ್ಲೇ ಆಡಬೇಕು ಎಂದು ನಿಯಮ ತಿದ್ದಿದರು. 1893ರ ಮಾರ್ಚಿನಲ್ಲಿ ಮೊದಲ ವರ್ಷದವರಿಗೂ ಎರಡನೇ ವರ್ಷದವರಿಗೂ ಪಂದ್ಯ ನಡೆದಾಗ ಗಂಡಸರಿಗೆ ಪ್ರವೇಶವಿರಲಿಲ್ಲ. ಮೂರು ಭಾಗದ ಅಂಕಣ ಹುಡುಗಿಯರ ಓಟಕ್ಕೆ ಹಾಕಿದ ಬೇಲಿ ಎಂಬ ಟೀಕೆ ಮುಂದೆ ಬಂತು, ಅದರಲ್ಲಿ ಹುರುಳಿದೆ. ಆದರೆ ಬಾಗಿಲು ಹಾಕಿದ್ದರ ಬೆಲೆ ನಮ್ಮ ಗೆಳತಿಯರಿಗೆ ಗೊತ್ತು. ಹೈಸ್ಕೂಲಿನಲ್ಲಿ ಥ್ರೋಬಾಲ್ ಆಡಿ ಗೆದ್ದವರು ಪಿಯುಸಿಗೆ ಬರುತ್ತಲೇ ಮೈದಾನದಿಂದ ಮಾಯವಾಗುತ್ತಾರೆ. ಕಾಂಪೌಂಡಿಲ್ಲದ ಬಯಲು, ಕಟ್ಟೆ ಮೇಲೆ ಕೂತ ಕಣ್ಣುಗಳು, ‘ಇನ್ನೂ ಚಿಕ್ಕ ಹುಡುಗೀನಾ ನೀನು’ ಎಂಬ ಮನೆಯ ಮಾತು. ಅವರಿಗೆ ಆಟ ಬೇಡವಾಗಿತ್ತು ಎಂದು ಯಾರೂ ಹೇಳುವಂತಿಲ್ಲ.

ಅದೇ ಕಣಿವೆಯ ಮತ್ತೊಂದು ಊರು ಹೋಲಿಯೋಕ್. ಅಲ್ಲಿನ ವೈಎಂಸಿಎಯಲ್ಲಿ ವಿಲಿಯಂ ಮೋರ್ಗನ್ 1895ರಲ್ಲಿ, ಬಾಸ್ಕೆಟ್‌ಬಾಲಿನ ನುಗ್ಗಾಟ ತಡೆಯಲಾರದ ನಡುವಯಸ್ಸಿನ ವ್ಯಾಪಾರಸ್ಥರಿಗಾಗಿ, ನಡುವೆ ಬಲೆ ಕಟ್ಟಿ ಮೈಗೆ ಮೈ ತಾಗದ ಒಂದು ಆಟ ಮಾಡಿದರು. ಅದೇ ವಾಲಿಬಾಲ್. ಎರಡು ಕಂಬ, ಒಂದು ಬಲೆ, ಒಂದು ಚೆಂಡು ಇದ್ದರೆ ಸಾಕಾದ ಈ ಆಟ ಇವತ್ತು ನಮ್ಮ ಎಷ್ಟೋ ಹಳ್ಳಿಗಳ ಸಂಜೆಯ ಆಟ. ಅದು ಹುಟ್ಟಿದ್ದೂ ಆಟ ಬಾರದವರಿಗಾಗಿಯೇ!

ಕಣಿವೆಯಿಂದ ಇಲ್ಲಿಗೆ ದಾರಿ ಹಾಕಿದವರಲ್ಲಿ ಮುಖ್ಯರು ಹ್ಯಾರಿ ಕ್ರೋ ಬಕ್. ಸ್ಪ್ರಿಂಗ್‌ಫೀಲ್ಡಿನಲ್ಲಿ ತರಬೇತಾಗಿ ಮದರಾಸಿಗೆ ಬಂದ ಅವರು 1920ರಲ್ಲಿ ಅಲ್ಲಿ ವೈಎಂಸಿಎ ದೈಹಿಕ ಶಿಕ್ಷಣ ಕಾಲೇಜು ಆರಂಭಿಸಿದರು. ಏಷ್ಯಾದಲ್ಲೇ ಮೊದಲನೆಯದು ಎಂದು ಅದಕ್ಕೆ ಹೆಸರು. 1924ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಭಾರತದ ತಂಡವನ್ನು ಕರೆದುಕೊಂಡು ಹೋದವರೂ ಅವರೇ. 1943ರಲ್ಲಿ ಮದರಾಸಿನಲ್ಲೇ ತೀರಿಕೊಂಡರು. ಆಗ ದಕ್ಷಿಣ ಕನ್ನಡ, ಬಳ್ಳಾರಿಗಳು ಮದರಾಸು ಪ್ರಾಂತ್ಯದಲ್ಲೇ ಇದ್ದವು. ಬಕ್ ಅವರ ಕಾಲೇಜಿನಲ್ಲಿ ಕಲಿತವರು ದಕ್ಷಿಣ ಭಾರತದ ಶಾಲೆ ಕಾಲೇಜುಗಳಿಗೆ ಡ್ರಿಲ್ ಮೇಷ್ಟ್ರುಗಳಾಗಿ ಹರಡಿದರು.

ಅದಕ್ಕೂ ಮುಂಚೆ ನಮ್ಮಲ್ಲಿ ಏನೂ ಇರಲಿಲ್ಲ ಎಂದಲ್ಲ. ಗರಡಿಮನೆಗಳಿದ್ದವು, ಕೆಮ್ಮಣ್ಣು, ಹನುಮಂತನ ಪಟ, ಉಸ್ತಾದರ ಶಿಸ್ತು. ಬೆಂಗಳೂರಿನಲ್ಲಿ ಕೆ.ವಿ. ಅಯ್ಯರ್ ಹರ್ಕ್ಯುಲಿಸ್ ಜಿಮ್ನಾಸಿಯಂ ನಡೆಸುತ್ತಾ ಸೂರ್ಯನಮಸ್ಕಾರವನ್ನೂ ಪಶ್ಚಿಮದ ಅಂಗಸಾಧನೆಯನ್ನೂ ಬೆರೆಸಿ ಅಂಚೆ ಮೂಲಕವೂ ಕಲಿಸಿದರು. ‘ಶಾಂತಲಾ’ ಕಾದಂಬರಿ ಬರೆದವರು ಇವರೇ ಎಂಬುದು ಕನ್ನಡ ಎಂ.ಎ. ಓದಿದವರಿಗೂ ಎಷ್ಟೋ ಸಲ ಹೊಳೆದಿರುವುದಿಲ್ಲ. ಮೈಸೂರು ಅರಮನೆಯ ಯೋಗಶಾಲೆಯಲ್ಲಿ 1933ರಿಂದ ಕೃಷ್ಣಮಾಚಾರ್ಯರು ಪಾಠ ಹೇಳಿದರು. ಮುಂದೆ ಜಗತ್ತಿಗೆ ಯೋಗ ಕಲಿಸಿದ ಬಿ.ಕೆ.ಎಸ್. ಅಯ್ಯಂಗಾರ್, ಪಟ್ಟಾಭಿ ಜೋಯಿಸ್ ಅವರ ಶಿಷ್ಯರು. ಆದರೆ ಇವೆಲ್ಲ ಆಸಕ್ತಿಯಿಂದ ಹುಡುಕಿಕೊಂಡು ಹೋದವರಿಗೆ ಸಿಕ್ಕವು.

ಸ್ವಾತಂತ್ರ್ಯ ಬಂದ ಮೇಲೆ, 1948–49ರ ವಿಶ್ವವಿದ್ಯಾಲಯ ಶಿಕ್ಷಣ ಆಯೋಗ ಎಲ್ಲ ವಿದ್ಯಾರ್ಥಿಗಳಿಗೂ, ಹುಡುಗ ಹುಡುಗಿ ಎನ್ನದೆ, ಎರಡು ವರ್ಷ ದೈಹಿಕ ಶಿಕ್ಷಣ ಇರಲಿ ಎಂದು ಶಿಫಾರಸು ಮಾಡಿತು. ಆಯೋಗದ ಅಧ್ಯಕ್ಷರು ಎಸ್. ರಾಧಾಕೃಷ್ಣನ್, ಒಂದು ಕಾಲಕ್ಕೆ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪಾಠ ಮಾಡಿದವರು. 1948ರಲ್ಲೇ ಎನ್‌ಸಿಸಿ ಬಂದಿತ್ತು, 1969ರಲ್ಲಿ ಎನ್‌ಎಸ್‌ಎಸ್ ಬಂತು. ಸಮವಸ್ತ್ರ, ಸೇವೆ, ಪದಕ, ಕೆಲಸಕ್ಕೆ ಬೇಕಾಗುವ ಪ್ರಮಾಣಪತ್ರ ಎಲ್ಲಕ್ಕೂ ಜಾಗ ಸಿಕ್ಕಿತು. ಓದಿ ಮಂಕಾದ ಹುಡುಗನ ಅರ್ಧ ಗಂಟೆಗೆ ಮಾತ್ರ ಸಿಗಲಿಲ್ಲ.

ಆ ಅರ್ಧ ಗಂಟೆಯಿಂದ ಮನಸ್ಸಿಗೆ ನಿಜಕ್ಕೂ ಏನಾದರೂ ಆಗುತ್ತದೆಯೇ? ಹಿಚ್‌ಕಾಕ್ ಅವರ ಬಳಿ ನಂಬಿಕೆಯಿತ್ತು, ಮನಸ್ಸನ್ನು ಅಳೆಯುವ ಟೇಪು ಇರಲಿಲ್ಲ. ಉತ್ತರ ಸಿಗತೊಡಗಿದ್ದು ಆಮೇಲೆ. 1984ರಲ್ಲಿ ಕಾನ್ಸಾಸ್ ವಿಶ್ವವಿದ್ಯಾಲಯದ ಲಿಸಾ ಮ್ಯಾಕ್ಯಾನ್ ಮತ್ತು ಡೇವಿಡ್ ಹೋಮ್ಸ್ ಸೌಮ್ಯ ಖಿನ್ನತೆಯಿದ್ದ 43 ವಿದ್ಯಾರ್ಥಿನಿಯರನ್ನು ಚೀಟಿ ಎತ್ತಿದಂತೆ ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಉಸಿರು ಏರುವಂಥ ವ್ಯಾಯಾಮ, ಒಂದಕ್ಕೆ ಮೈ ಸಡಿಲಿಸುವ ವಿಶ್ರಾಂತಿಯ ಅಭ್ಯಾಸ, ಒಂದಕ್ಕೆ ಏನೂ ಇಲ್ಲ. ಹತ್ತು ವಾರದ ಕೊನೆಯಲ್ಲಿ ವ್ಯಾಯಾಮದ ಗುಂಪಿನ ಖಿನ್ನತೆ ಉಳಿದೆರಡಕ್ಕಿಂತ ಹೆಚ್ಚು ಇಳಿದಿತ್ತು. ಚಿಕ್ಕ ಅಧ್ಯಯನ, ಆದರೆ ಗಟ್ಟಿಯಾಗಿ ಕಟ್ಟಿದ್ದು.

ದೊಡ್ಡದು ಬಂದದ್ದು ಹಾರ್ವರ್ಡ್‌ನಿಂದ. ಅಳೆದು ಬರೆದಿಡುವ ಅಭ್ಯಾಸ ಅಲ್ಲೂ ಇತ್ತಲ್ಲ. 1916ರಿಂದ 1950ರವರೆಗೆ ಅಲ್ಲಿ ಸೇರಿದ ವಿದ್ಯಾರ್ಥಿಗಳ ದಾಖಲೆಗಳನ್ನು ಹಿಡಿದು ರಾಲ್ಫ್ ಪ್ಯಾಫೆನ್‌ಬಾರ್ಗರ್ ಎಂಬ ವೈದ್ಯ ಅವರ ಮುಂದಿನ ಬದುಕನ್ನು ಹಿಂಬಾಲಿಸಿದರು. 1978ರಲ್ಲಿ ಹೃದಯಾಘಾತದ ಬಗ್ಗೆ ಬರೆದಾಗ ಒಂದು ಸಂಗತಿ ಹೊರಬಿತ್ತು: ಕಾಲೇಜಿನಲ್ಲಿ ಚಾಂಪಿಯನ್ ಆಗಿದ್ದವರಿಗೆ, ಮುಂದೆಯೂ ಮೈ ಬಗ್ಗಿಸದಿದ್ದರೆ, ಆ ಹಳೆಯ ಪದಕಗಳಿಂದ ಏನೂ ರಕ್ಷಣೆ ಸಿಗುತ್ತಿರಲಿಲ್ಲ. ಆಗ ಆಡದೆ ಈಗ ಚಟುವಟಿಕೆಯಿಂದ ಇದ್ದವರಿಗೆ ಸಿಗುತ್ತಿತ್ತು. 1994ರಲ್ಲಿ 10,201 ಹಳೆಯ ವಿದ್ಯಾರ್ಥಿಗಳ ಖಿನ್ನತೆಯ ಲೆಕ್ಕ ಬಂತು. ವಾರಕ್ಕೆ ಮೂರು ಗಂಟೆ ಅಥವಾ ಹೆಚ್ಚು ಆಟವಾಡುತ್ತಿದ್ದವರಲ್ಲಿ ಖಿನ್ನತೆಯ ಅಪಾಯ, ಆಡದವರಿಗಿಂತ ಶೇ. 27ರಷ್ಟು ಕಡಿಮೆ ಇತ್ತು. ಅದೇ ಬರಹದ ಇನ್ನೊಂದು ಮಾತನ್ನು ಜನ ಮರೆಯುತ್ತಾರೆ: ಆತ್ಮಹತ್ಯೆಯ ವಿಷಯದಲ್ಲಿ ಅಂಥ ಸಂಬಂಧ ಕಾಣಲಿಲ್ಲ. ನಮ್ಮ ದೇಶದಲ್ಲಿ 2022ರೊಂದರಲ್ಲೇ 13,044 ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರು ಎಂದು ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಹೇಳುತ್ತದೆ. ಇಂಥ ಸುದ್ದಿ ಬಂದಾಗಲೆಲ್ಲ ‘ಈಗಿನ ಹುಡುಗರು ಮೈದಾನಕ್ಕೆ ಇಳಿಯಲ್ಲ, ಅದಕ್ಕೇ ಹೀಗೆ’ ಎಂದು ಷರಾ ಬರೆಯುವವರಿದ್ದಾರೆ. ಸಂಕಟದಲ್ಲಿರುವವರಿಗೆ ಬೇಕಾದದ್ದು ಕೇಳುವ ಕಿವಿ ಮತ್ತು ವೈದ್ಯರು; ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲೂ ಕರೆ ಮಾಡಬಹುದು. ಓಡಿ ಬಾ ಎಂದು ಅವರಿಗೆ ಹೇಳುವುದು ಕ್ರೌರ್ಯ. ಕಾಲೇಜಿನ ಅರ್ಧ ಗಂಟೆ ಅಲ್ಲಿಯವರೆಗೆ ಹೋಗದ ನೂರಾರು ಮಂದಿಯ ಮಂಕಿಗೆ, ನಿದ್ದೆಗೇಡಿಗೆ.

ಇನ್ನು ಹೊಲದಲ್ಲಿ ದುಡಿಯುವ ಹುಡುಗನ ಪ್ರಶ್ನೆ. 2017ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದ ವಿಶ್ಲೇಷಣೆಯೊಂದು ಪ್ರಕಟವಾಯಿತು. ಬಿಡುವಿನಲ್ಲಿ ಇಷ್ಟಪಟ್ಟು ಮಾಡುವ ಚಟುವಟಿಕೆ, ನಡೆದೋ ಸೈಕಲ್ ತುಳಿದೋ ಹೋಗಿ ಬರುವುದು ಒಳ್ಳೆಯ ಮನಃಸ್ಥಿತಿಯ ಜೊತೆ ಕಂಡುಬಂದವು. ಕೆಲಸದ ಭಾಗವಾಗಿ ಮಾಡುವ ಮೈದುಡಿಮೆಯ ಜೊತೆ ಕಂಡದ್ದು ಮಾನಸಿಕ ತೊಂದರೆ. ಯಾವುದು ಕಾರಣ, ಯಾವುದು ಫಲ ಎಂದು ಇಷ್ಟರಿಂದ ತೀರ್ಮಾನಿಸಲಾಗದು, ದುಡಿಮೆಯ ಹಿಂದೆ ಬಡತನವೂ ಇರುತ್ತದೆ. ಆದರೆ ಬೆಳಗ್ಗೆ ಹಾಲು ಕರೆದು, ಡೈರಿಗೆ ಹಾಕಿ, ಭಾನುವಾರ ಹತ್ತಿ ಬಿಡಿಸಿ ಕಾಲೇಜಿಗೆ ಬರುವ ಹುಡುಗಿಗೆ ‘ನಿನಗೇಕೆ ಆಟ’ ಎನ್ನುವುದು ಸರಿಯಲ್ಲ ಎನ್ನಲು ಇಷ್ಟು ಸಾಕು. ಅವಳ ಮೈ ದಣಿದಿರುವುದು ಬೇರೆಯವರಿಗಾಗಿ. ಒನೈಡಾದ ಹುಡುಗರಿಗೂ ಬಹುಶಃ ಇದೇ ಆಗಿತ್ತು.

ನಮ್ಮ ಕಾಲೇಜುಗಳಲ್ಲಿ ದೈಹಿಕ ಶಿಕ್ಷಣಕ್ಕೆ ಗೊತ್ತಾದ ಹೊತ್ತು ತರಗತಿಗಳೆಲ್ಲ ಮುಗಿದ ಮೇಲೆ, ಸಂಜೆ ನಾಲ್ಕರ ನಂತರ. ಹಳ್ಳಿಗಳ ಕಡೆ ಹೋಗುವ ಬಸ್ಸು ನಾಲ್ಕೂಕಾಲಿಗೋ ನಾಲ್ಕೂವರೆಗೋ. ಅದು ತಪ್ಪಿದರೆ ಮುಂದಿನದು ಏಳಕ್ಕೆ, ಎಷ್ಟೋ ಊರುಗಳಿಗೆ ಅದೂ ಇಲ್ಲ. ಹೀಗಾಗಿ ಮೈದಾನದಲ್ಲಿ ಉಳಿಯುವವರು ಪೇಟೆಯವರು ಮತ್ತು ಹಾಸ್ಟೆಲ್ ಹುಡುಗರು. ಆಮರ್ಸ್ಟ್‌ನ ಹಿಚ್‌ಕಾಕ್ ಆ ಅರ್ಧ ಗಂಟೆಯನ್ನು ಪಾಠದ ವೇಳಾಪಟ್ಟಿಯೊಳಗೆ ಸೇರಿಸಿ ಹಾಜರಿ ಹಿಡಿದಿದ್ದರು.